ದಾರಿ ಕೇಳದ ಡ್ರೈವರ್

ನಮ್ಮ ದೊಡ್ಡಪ್ಪ ಬಸ್ ಡ್ರೈವರ್ ಆಗಿದ್ದವರು. ನಿವೃತ್ತರಾಗುವವರೆಗೂ ಯಾರ ಹತ್ತಿರವೂ ದಾರಿ ಕೇಳಿದವರಲ್ಲ. ಒಮ್ಮೆ ಹೋದ ದಾರಿ ಅವರ ತಲೆಯಲ್ಲಿ ಅಚ್ಚೊತ್ತಿದ ಹಾಗೆ ಕೂತುಬಿಡುತ್ತಿತ್ತು. ಜಂಬವೂ ಅಷ್ಟೇ ಇತ್ತು ಅನ್ನಿ.

ದೊಡ್ಡಮ್ಮನ ಕಣ್ಣಿನ ಆಸ್ಪತ್ರೆಯ ವೆಬ್‌ಸೈಟನ್ನೂ ಅವರು ಹಾಗೆಯೇ ಕಲಿತಿದ್ದರು. "ನೀಲಿ ಪಟ್ಟಿ ದಾಟ್ಬೇಕು, ನಗ್ತಾ ಇರೋ ನರ್ಸಮ್ಮನ ಫೋಟೋ ಹತ್ರ ಬಲಕ್ಕೆ ತಿರುಗಬೇಕು, ಕೆಳಗೆ ಇಳಿದ್ರೆ ಹಸಿರು ಬಟನ್ನು," ಎಂದು ಪಾಠ ಒಪ್ಪಿಸುತ್ತಿದ್ದರು. ಅಕ್ಷರ ಓದುವ ಗೋಜಿಗೇ ಹೋಗುತ್ತಿರಲಿಲ್ಲ. ಮೇಲ್ಗಡೆ ಹುಡುಕುವ ಜಾಗ ಇದೆಯಲ್ಲ ಎಂದು ನಾನು ತೋರಿಸಿದರೆ ಮೂಗು ಮುರಿಯುತ್ತಿದ್ದರು.

"ಅದು ದಾರಿ ಗೊತ್ತಿಲ್ದೋರಿಗೆ ಕಣೇ."

ದೊಡ್ಡಮ್ಮನ ಎಡಗಣ್ಣಿನ ಒತ್ತಡ ಏರಿತ್ತು. ತಡ ಮಾಡಿದರೆ ದೃಷ್ಟಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೇಗೋ ಆಪರೇಷನ್ನಿಗೆ ದಿನ ಸಿಕ್ಕಿತು. ಬರುತ್ತೇವೆಂದು ಆ ಸುದ್ದಿ ಬಂದ ದಿನ ಸಂಜೆಯೊಳಗೇ ವೆಬ್‌ಸೈಟಿನಲ್ಲಿ ತಿಳಿಸಬೇಕಿತ್ತು.

ಆಸ್ಪತ್ರೆಯವರು ಅದೇ ವಾರ ವೆಬ್‌ಸೈಟಿಗೆ ಹೊಸ ರೂಪ ಕೊಟ್ಟಿದ್ದರು. ನೀಲಿ ಪಟ್ಟಿ ಇಲ್ಲ, ನರ್ಸಮ್ಮನೂ ಇಲ್ಲ. ದೊಡ್ಡಪ್ಪ ಒಂದಷ್ಟು ಹೊತ್ತು ಸುತ್ತಾಡಿದರು. ಕೊನೆಗೆ ಕೆಳಗೆ, ಬಲಗಡೆ, ಹಳೆಯ ಜಾಗದಲ್ಲೇ ಒಂದು ಹಸಿರು ಬಟನ್ನು ಕಂಡಿತು. ಒತ್ತಿದರು. 'ಧನ್ಯವಾದಗಳು' ಎಂದು ಬಂತು.

"ರೀ, ಯಾವುದಕ್ಕೂ ಒಂದ್ಸಲ ಫೋನ್ ಮಾಡಿ ಕೇಳಿ," ಎಂದರು ದೊಡ್ಡಮ್ಮ.

"ಕೇಳೋದೇನು? ನಾನು ದಾರಿ ತಪ್ಪಿದ್ದು ಯಾವಾಗ ನೋಡಿದ್ದೀಯ?"

ಹೇಳಿದ ದಿನ ಇಬ್ಬರೂ ಬಟ್ಟೆಬರೆ ತುಂಬಿದ ಚೀಲ ಹಿಡಿದು ಆಸ್ಪತ್ರೆಗೆ ಹೋದರು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ನೀವು ತಿಳಿಸ್ಲೇ ಇಲ್ವಲ್ಲ ಸರ್, ಬೇರೆಯವ್ರಿಗೆ ಕೊಟ್ಬಿಟ್ವಿ," ಎಂದಳು. ಆ ಹಸಿರು ಬಟನ್ನು ಮೊಬೈಲಿಗೆ ಆರೋಗ್ಯದ ಸಲಹೆ ತರಿಸಿಕೊಳ್ಳುವುದಕ್ಕಂತೆ. ದೊಡ್ಡಪ್ಪ ಅದರ ಮೇಲೆ ಬರೆದದ್ದನ್ನು ಓದಿಯೇ ಇರಲಿಲ್ಲ. ಕೈಕಾಲು ಹಿಡಿದರೂ ಆ ದಿನ ಕೆಲಸವಾಗಲಿಲ್ಲ. ಮುಂದಿನ ಸರದಿ ಬರುವಷ್ಟರಲ್ಲಿ ಎಡಗಣ್ಣು ಹೋಗಿತ್ತು.

ನನಗೆ ದೊಡ್ಡಪ್ಪನ ಮೇಲೆ ಕೆಂಡದಂಥ ಕೋಪವಿತ್ತು. ದೊಡ್ಡಮ್ಮ ಮಾತ್ರ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ದೊಡ್ಡಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಬೀದಿಗೆ ಇಳಿದರೆ ದೊಡ್ಡಪ್ಪ ಯಾವಾಗಲೂ ದೊಡ್ಡಮ್ಮನ ಎಡಕ್ಕೇ ನಡೆಯುತ್ತಾರೆ. ಮೊನ್ನೆ ನಾನೂ ಜೊತೆಗಿದ್ದೆ.

"ಈ ಕಡೆಯಿಂದ ಏನಾದ್ರೂ ಬರ್ತಿದೆಯಾ ರೀ?" ದೊಡ್ಡಮ್ಮ ಕೇಳಿದರು. ನಾಲ್ಕು ಹೆಜ್ಜೆ ಹೋಗಿ ಮತ್ತೆ ಅದನ್ನೇ ಕೇಳಿ, "ಪದೇ ಪದೇ ಕೇಳ್ತೀನಿ ಅಂತ ಬೇಜಾರಾ?" ಎಂದರು.

ದೊಡ್ಡಪ್ಪ ದೊಡ್ಡಮ್ಮನ ಕೈ ಬಿಗಿಯಾಗಿ ಹಿಡಿದುಕೊಂಡರು.

"ಕೇಳು ಕಣೇ. ಎಷ್ಟು ಸಲ ಬೇಕಾದ್ರೂ ಕೇಳು."