ಮಣಿಕಟ್ಟಿನ ರಬ್ಬರು

ನಮ್ಮವರು ಕಬಿನಿ ಹಿನ್ನೀರಿನ ದಡದ ರೆಸಾರ್ಟೊಂದರಲ್ಲಿ ಕಯಾಕ್ ಕಲಿಸುತ್ತಿದ್ದರು. ಒಬ್ಬರೇ ಕೂತು ಹುಟ್ಟು ಹಾಕುವ ಪುಟ್ಟ ದೋಣಿ ಅದು. ಬರುವ ಪ್ರವಾಸಿಗರಿಗೆ ಹತ್ತುವುದಕ್ಕೂ ಭಯ, ಇಳಿಯುವುದಕ್ಕೂ ಭಯ. ಹಾಗಾಗಿ ಇವರು ದಿನದ ಅರ್ಧ ಭಾಗ ಸೊಂಟದ ಮಟ್ಟದ ನೀರಿನಲ್ಲಿ ನಿಂತು ದೋಣಿ ಹಿಡಿದುಕೊಳ್ಳಬೇಕಿತ್ತು.

ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿತ್ತು. ಪಾದಗಳಿಗೆ ಮುಟ್ಟಿದ್ದೇ ಗೊತ್ತಾಗುತ್ತಿರಲಿಲ್ಲ. ಬಲಗಾಲಿನ ಅಂಗಾಲಲ್ಲಿ ಎದ್ದ ಹುಣ್ಣು ಏನು ಮಾಡಿದರೂ ವಾಸಿಯಾಗಲಿಲ್ಲ. ಸರಗೂರಿನಲ್ಲಿ ತೋರಿಸಿದಾಗ ಡಾಕ್ಟರು, ಇನ್ನು ಪಾದಕ್ಕೆ ನೀರು ತಾಕಿದರೆ ಕಾಲು ಉಳಿಯುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಕೆಲಸ ಬಿಡಿ ಎಂದೆ.

"ನೀರ್ ಬುಟ್ಟು ಏನ್ ಮಾಡ್ಲಿ ಕಣಮ್ಮಿ? ನಿನ್ ಜೊತೆ ಕೂತ್ಕೊಂಡು ಅವರೆಕಾಯಿ ಸುಲೀಲಾ?" ಎಂದರು.

ಸುಲಿದರೆ ಬೆರಳೇನೂ ಸವೆಯುವುದಿಲ್ಲ ಎಂದು ನಾನೂ ಜಗಳವಾಡಿದೆ. ಗೆದ್ದವರು ಅವರೇ.

ಕೊಡಗಿನ ಕಡೆ ರಾಫ್ಟಿಂಗ್ ಮಾಡಿಸುವ ಅವರ ಸ್ನೇಹಿತರೊಬ್ಬರು ತಮ್ಮ ಹಳೆಯ ಡ್ರೈಸೂಟನ್ನು ತಂದುಕೊಟ್ಟರು. ಪಾದದ ಸಮೇತ ಮೈಯೆಲ್ಲ ಮುಚ್ಚುವ, ನೀರು ಒಳಗೆ ಬಿಡದ ಉಡುಪು. ಕೈ ಮತ್ತು ತಲೆ ಮಾತ್ರ ಹೊರಗೆ. ಮಣಿಕಟ್ಟು ಮತ್ತು ಕುತ್ತಿಗೆಯ ಹತ್ತಿರ ಬಲೂನಿನಷ್ಟು ತೆಳ್ಳನೆಯ ಲೇಟೆಕ್ಸ್ ರಬ್ಬರಿನ ಪಟ್ಟಿ ಚರ್ಮಕ್ಕೆ ಬಿಗಿಯಾಗಿ ಕೂರುತ್ತಿತ್ತು. ಇಡೀ ಸೂಟಿನ ಜೀವ ಆ ಪಟ್ಟಿಗಳಲ್ಲೇ ಇರುವುದು ಎಂದು ಆ ಸ್ನೇಹಿತರು ನಮ್ಮ ಜಗಲಿಯ ಮೇಲೆ ಕೂತು ನನಗೆ ವಿವರಿಸಿದರು. ಪ್ರತಿ ಸಲ ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಆರಿಸಿ, ಪೌಡರ್ ಹಾಕಿಡಬೇಕು.

"ಅಣ್ಣ ಒರಟು. ನೀವೇ ಇದನ್ನ ಮಗು ತರ ನೋಡ್ಕೊಳ್ಳಿ ಅಕ್ಕ" ಎಂದರು.

ಮೂರು ಮಕ್ಕಳನ್ನು ಸಾಕಿದ ನನಗೆ ಅದೇನು ದೊಡ್ಡ ಕೆಲಸ ಎನ್ನಿಸಿತು. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಬೇಸಿಗೆಯ ಹೊತ್ತಿಗೆ ಪಟ್ಟಿಗಳು ಒಣಗಿ, ಅಂಚಿನಲ್ಲಿ ಸಣ್ಣ ಗೀರು ಬಿದ್ದಂತೆ ಕಂಡಿತು. ನಮ್ಮ ಮನೆಗಳಲ್ಲಿ ಒಣಗಿದ್ದಕ್ಕೆಲ್ಲ ಒಂದೇ ಮದ್ದು. ಕೂಸಿನ ನೆತ್ತಿಗೆ, ಒಡೆದ ಹಿಮ್ಮಡಿಗೆ, ಕುಕ್ಕರಿನ ಗ್ಯಾಸ್ಕೆಟ್ಟಿಗೆ, ಕಿರುಗುಟ್ಟುವ ಬಾಗಿಲಿಗೆ ಎಲ್ಲಕ್ಕೂ ಎಣ್ಣೆ. ನಾನು ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ, ಮೂರೂ ಪಟ್ಟಿಗಳಿಗೆ ತಿಕ್ಕಿ, ಮೇಲೆ ಪೌಡರ್ ಹಾಕಿಟ್ಟೆ. ಹಚ್ಚಬೇಡ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ, ನನ್ನ ಬುದ್ಧಿ ನನಗೆ ಗೊತ್ತು.

ಪಟ್ಟಿ ಮೆತ್ತಗಾಯಿತು. "ಈಗ ಕೈ ಸಲೀಸಾಗ್ ಓಯ್ತದೆ ಕಣಮ್ಮಿ" ಎಂದು ಅವರು ಹೊಗಳಿದರು. ಮದುವೆಯಾದ ಮೇಲೆ ಅವರು ಹೊಗಳಿದ್ದನ್ನು ಬೆರಳಲ್ಲಿ ಎಣಿಸಬಹುದು. ನಾನು ಉಬ್ಬಿಹೋದೆ. ವಾರಕ್ಕೊಮ್ಮೆ ಹಚ್ಚತೊಡಗಿದೆ. ಆ ಹೆಮ್ಮೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಸ್ವಲ್ಪ ದಿನಕ್ಕೆ ಸೂಟಿನ ಪಾದದೊಳಗೆ ತೇವ ಕಾಣಿಸಿಕೊಂಡಿತು. ಕೇಳಿದರೆ ಬೆವರು ಎಂದರು. ಆ ಬಿಸಿಲಲ್ಲಿ ಅಂಥ ಉಡುಪು ಹಾಕಿದರೆ ಯಾರಾದರೂ ಬೆವರುತ್ತಾರೆ, ನಾನೂ ನಂಬಿದೆ. ನಿಜವಾಗಿ, ಕೈ ಮುಳುಗಿಸಿದಾಗಲೆಲ್ಲ ಸಡಿಲವಾದ ಪಟ್ಟಿಯ ಸಂದಿನಿಂದ ನೀರು ಇಳಿದು ಪಾದದಲ್ಲಿ ನಿಲ್ಲುತ್ತಿತ್ತು. ಆ ಪಾದಕ್ಕೆ ಸ್ಪರ್ಶವೇ ಇರಲಿಲ್ಲ. ಗಂಟೆಗಟ್ಟಲೆ ಅವರು ನೀರಿನಲ್ಲಿ ನೆನೆದ ಹುಣ್ಣಿನ ಮೇಲೆಯೇ ನಿಂತಿದ್ದರು.

ಒಂದು ಬೆಳಿಗ್ಗೆ ಬ್ಯಾಂಡೇಜು ಬಿಚ್ಚಿದಾಗ ಪಾದ ಕಪ್ಪಗಾಗಿ ನಾರುತ್ತಿತ್ತು. ಮೈಸೂರಿಗೆ ಕರೆದೊಯ್ದೆವು. ಮೊಣಕಾಲಿನ ಕೆಳಗೆ ಕಾಲನ್ನು ತೆಗೆದರು.

ಸ್ನೇಹಿತರು ಮನೆಗೆ ನೋಡಲು ಬಂದಾಗ ಹಿತ್ತಲಿನಲ್ಲಿ ನೇತುಹಾಕಿದ್ದ ಸೂಟನ್ನು ಮುಟ್ಟಿ ನೋಡಿದರು. ಪಟ್ಟಿ ಬೆರಳಿಗೆ ಅಂಟಿಕೊಂಡು ಎಳೆಯೆಳೆಯಾಗಿ ಬಂತು.

"ಇದಕ್ಕೆ ಎಣ್ಣೆ ಹಚ್ಚಿದ್ರಾ ಅಕ್ಕ?"

ನಾನು ಹೌದೆಂದು ತಲೆಯಾಡಿಸಿದೆ. ಎಣ್ಣೆ ಬಿದ್ದರೆ ಲೇಟೆಕ್ಸ್ ಕರಗುತ್ತದೆ ಎಂದರು. ಬೆರಳಿಗೆ ಅಂಟಿದ್ದನ್ನು ಒರೆಸಿಕೊಳ್ಳುತ್ತಾ, "ಅಣ್ಣನಿಗೆ ಹೇಳ್ಬೇಡಿ. ಹೋದ ಕಾಲು ಬರೋದಿಲ್ಲ" ಎಂದರು. ನಾನು ಹೇಳಲಿಲ್ಲ. ಹೇಳದೆ ಇರುವುದಕ್ಕೆ ಒಬ್ಬರು ಅಪ್ಪಣೆ ಕೊಟ್ಟರಲ್ಲ ಎಂಬ ನೆಮ್ಮದಿಯೂ ಆಯಿತು. ನಾಚಿಕೆಗೇಡು, ಆದರೆ ಆಯಿತು.

ನಮ್ಮವರಿಗೆ ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಿತ್ತು. ನೋಡಲು ಬಂದವರಿಗೆಲ್ಲ, "ಅವ್ನ್ ಕೆಟ್ಟೋದ ಸೂಟ್ ತಂದ್ ನನ್ ಕುತ್ಗೆಗ್ ಕಟ್ದ. ಸ್ನೇಯ್ತ ಅಂತೆ" ಎನ್ನುತ್ತಿದ್ದರು. ಹಂಪಾಪುರದಿಂದ ಬಂದ ನನ್ನ ತಮ್ಮನೂ ದನಿಗೂಡಿಸಿದ. ಮಾತು ಕೊಡಗಿನವರೆಗೂ ಮುಟ್ಟಿತು. ಸ್ನೇಹಿತರು ಬರುವುದನ್ನು ನಿಲ್ಲಿಸಿದರು. ಎಣ್ಣೆ ಹಚ್ಚಿದ್ದು ನಾನೆಂದು ಫೋನಿನಲ್ಲಿ ಕೂಡ ಯಾರಿಗೂ ಹೇಳಲಿಲ್ಲ. ನಾನು ಕಾಫಿ ಲೋಟ ಹಿಡಿದುಕೊಂಡು ಆ ಬೈಗುಳಗಳ ನಡುವೆ ಓಡಾಡುತ್ತಿದ್ದೆ.

ಏಳು ತಿಂಗಳು ತಡೆದೆ. ಒಂದು ಮಧ್ಯಾಹ್ನ ಅವರು ಊಟ ಮಾಡಿ ಗೋಡೆಗೆ ಒರಗಿದ್ದಾಗ ಎದುರಿಗೆ ಕೂತು ಎಲ್ಲ ಹೇಳಿದೆ. ಎಷ್ಟು ವಾರ, ಎಷ್ಟು ಸಲ ಹಚ್ಚಿದೆ ಎಂಬುದನ್ನೂ ಬಿಡಲಿಲ್ಲ.

ಹೊಡೆಯಬಹುದು ಎಂದುಕೊಂಡಿದ್ದೆ. ಅವರು ಫೋನ್ ತೆಗೆದುಕೊಡು ಎಂದರು. ಸ್ನೇಹಿತರಿಗೆ ಮಾಡಿ, "ತಪ್ಪಾಯ್ತು ಕಣೋ" ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ನನ್ನ ಕಡೆ ನೋಡಿದರು.

"ಅವ್ನಾದ್ರೆ ದೂರ ಇದ್ದ, ಬಯ್ಕೊಂಡ್ ಇರ್ತಿದ್ದೆ. ದಿನಾ ಉಣ್ಣಾಕ್ ಇಕ್ಕೋಳ್ನ ಎಂಗ್ ಬಯ್ಲಿ?"

ಅಷ್ಟು ಹೇಳಿ ಆ ಕಡೆ ತಿರುಗಿ ಮಲಗಿದರು. ಅವತ್ತಿನಿಂದ ನನ್ನ ಮೇಲೆ ಒಂದು ದಿನವೂ ರೇಗಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೂ ಸುಮ್ಮನೆ ಉಂಡು ಏಳುತ್ತಾರೆ.