ಹೊರಡುವ ಮುಂಚಿನ ಎಂಟು ಸಂಜೆ

"ಪರದೇಶದಾಗೆ ಇಂಗ್ಲಿಷ್ ಕಲಿಸಾಕೆ ಹೊಂಟೀರಂತಲ್ರೀ ಮೇಡಂ, ನನ್ನ ಮಗಳಿಗೆ ಇನ್ನು ಯಾರು ಕಲಿಸ್ತಾರೆ?" ಬಾಗಿಲಲ್ಲಿ ನಿಂತು ಸಾವಂತ್ರಮ್ಮ ಕೇಳಿದಾಗ ನಾನು ಟ್ರಂಕಿಗೆ ಸೀರೆ ತುಂಬುತ್ತಿದ್ದೆ.

ಅದು ಎಪ್ಪತ್ತೊಂಬತ್ತನೇ ಇಸವಿ. ನಾನು ಚನ್ನಗಿರಿ ಕಡೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಎರಡು ವರ್ಷದ ಹಿಂದೆ ಗಣಿತದ ಮೇಷ್ಟ್ರಾಗಿ ನೈಜೀರಿಯಾಕ್ಕೆ ಹೋಗಿದ್ದ ನಮ್ಮ ಯಜಮಾನರು ತಮ್ಮ ಶಾಲೆಯಲ್ಲೇ ನನಗೂ ಕೆಲಸ ಹುಡುಕಿದ್ದರು. ಪಾಸ್‌ಪೋರ್ಟು, ವೀಸಾ ಎಂದು ವರ್ಷವಿಡೀ ಒಬ್ಬಳೇ ಅಲೆದು ಸೋತುಹೋಗಿದ್ದೆ. ಹೊರಡಲು ಇನ್ನು ಎಂಟೇ ದಿನವಿತ್ತು. ಸಾವಂತ್ರಮ್ಮನ ಮಗಳು ರೇಣುಕ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಎರಡು ಸಲ ಫೇಲಾಗಿದ್ದಳು. ಈ ಸಲವೂ ಪಾಸಾಗದಿದ್ದರೆ ಮದುವೆ ಮಾಡಿಬಿಡುತ್ತೇನೆಂದು ಅವಳಪ್ಪ ಹೇಳಿದ್ದರಂತೆ. ಆಗಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಸಂಜೆ ಹೊತ್ತು ಕಳಿಸಿ ಎಂದೆ.

ಆರನೇ ಸಂಜೆ ಪ್ರಬಂಧ ಬರೆಸುತ್ತಾ ಗೋಡೆಗೊರಗಿದವಳು ಹಾಗೇ ನಿದ್ದೆಹೋದೆ. ಎಚ್ಚರವಾದಾಗ, ಮಗಳನ್ನು ಕರೆದೊಯ್ಯಲು ಬಂದಿದ್ದ ಸಾವಂತ್ರಮ್ಮ ನನ್ನ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದರು. ರೇಣುಕ ಅದೇ ಪ್ರಬಂಧವನ್ನು ನಾಲ್ಕು ಸಲ ಬರೆದು ಕೂತಿದ್ದಳು. "ಮಲಗ್ಲಿ, ಎಬ್ಬಿಸಬ್ಯಾಡ ಅಂದ್ಲು ನಮ್ಮವ್ವ" ಎಂದಳು.

ನೈಜೀರಿಯಾಕ್ಕೆ ಹೋದ ಮೊದಲ ವರ್ಷವೇ ಅವಳ ಕಾಗದ ಬಂತು. ಪಾಸಾಗಿ ಟೀಚರ್ ಟ್ರೈನಿಂಗ್ ಸೇರಿದ್ದಳು. ಶಾಲೆಯಿಂದ ಬಂದ ದಣಿವಿನಲ್ಲೇ ಕೂತು ಅತ್ತುಬಿಟ್ಟೆ. ಯಾಕೆಂದು ಯಜಮಾನರು ಕೇಳಿದರು. ಉಳಿದ ಹುಡುಗಿಯರು ನೆನಪಾದರು ಎಂದೆ.

ನಾನು ಹೊರಟ ವರ್ಷ ರೇಣುಕಳ ಹಾಗೆಯೇ ಇಂಗ್ಲಿಷಿನಲ್ಲಿ ಫೇಲಾಗಿದ್ದ ಇನ್ನೂ ಆರೇಳು ಹುಡುಗಿಯರು ಊರಲ್ಲಿದ್ದರು. ಅವರ ತಾಯಂದಿರು ನನ್ನ ಬಾಗಿಲಿಗೆ ಬರಲಿಲ್ಲ. ಹೋಗಿ ಕರೆಯುವಷ್ಟು ಶಕ್ತಿ ನನ್ನಲ್ಲೂ ಉಳಿದಿರಲಿಲ್ಲ.