ಪಂಜರದಲ್ಲಿ ಪಾಲಪಿಟ್ಟ

ದಸರಾ ದಿನ ನಮ್ಮ ಮಿಯಾಪುರದ ಹಕ್ಕಿಧಾಮದಲ್ಲಿ ಹಕ್ಕಿಗಿಂತ ಜನವೇ ಜಾಸ್ತಿ!

ಹಕ್ಕಿಧಾಮ ಅಂದರೆ ಭಾರೀ ಏನೋ ಅಂದುಕೊಳ್ಳಬೇಡಿ. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಯಾರೋ ಜಲ್ಲಿಗಾಗಿ ಬಗೆದು ಬಿಟ್ಟುಹೋದ ಗುಂಡಿ. ಮಳೆನೀರು ತುಂಬಿತು, ಜೊಂಡು ಬೆಳೆಯಿತು. ಗುಳುಮುಳುಕ, ನಾಮದ ಕೋಳಿ, ಬೆಳ್ಳಕ್ಕಿ ಬಂದು ಸಂಸಾರ ಹೂಡಿದವು. ಅದನ್ನು ಮುಚ್ಚಿ ಪಾರ್ಕಿಂಗ್ ಮಾಡುವ ಪ್ಲಾನ್ ಇತ್ತು. ನಮ್ಮ ಸೊಸೈಟಿ ಸೆಕ್ರೆಟರಿ ಹಟ ಹಿಡಿದು ಉಳಿಸಿದರು. ಗೇಟಿಗೆ ಬೋರ್ಡೂ ಹಾಕಿಸಿದರು: ಹಕ್ಕಿಗಳಿಗೆ ತೊಂದರೆ ಕೊಡಬೇಡಿ. (ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡ ಇಲ್ಲ, ಹೋಗಲಿ ಬಿಡಿ.)

ದಸರಾ ಸಂಜೆ ಪಾಲಪಿಟ್ಟ ಕಂಡರೆ ವರ್ಷವಿಡೀ ಶುಭ ಅಂತ ತೆಲಂಗಾಣದವರ ನಂಬಿಕೆ. ಪಾಲಪಿಟ್ಟ ಅಂದರೆ ನಮ್ಮ ನೀಲಕಂಠ ಹಕ್ಕಿಯೇ. ಕೊಪ್ಪಳದಿಂದ ಮದುವೆಯಾಗಿ ಇಲ್ಲಿಗೆ ಬಂದ ನಮ್ಮ ಅತ್ತೆ ಈ ಪದ್ಧತಿಯನ್ನು ಎಂದೋ ತಮ್ಮದು ಮಾಡಿಕೊಂಡಿದ್ದಾರೆ. ಈ ಸಲವಂತೂ ನೋಡಲೇಬೇಕೆಂದು ಪಟ್ಟು. ಮುಂದಿನ ವಾರ ಮೊಣಕಾಲಿನ ಆಪರೇಷನ್.

"ನಂಗ ಭಾಳ ಹೆದರಿಕಿ ಆಗೇತಿ ಯವ್ವಾ. ಹಕ್ಕಿ ಕಂಡ್ರ ಧೈರ್ಯ ಬರತೈತಿ," ಅಂದರು.

ಬನ್ನಿ ಹಂಚಿಕೊಂಡು ಹೊರಟೆವು. ನಾವಷ್ಟೇ ಅಲ್ಲ, ಇಡೀ ಅಪಾರ್ಟ್‌ಮೆಂಟು! ರೇಷ್ಮೆ ಸೀರೆ, ಸೆಲ್ಫಿ, ಬ್ಲೂಟೂತ್ ಸ್ಪೀಕರು. ಈ ಗದ್ದಲಕ್ಕೆ ಯಾವ ಹಕ್ಕಿ ನಿಂತೀತು? ನಾಮದ ಕೋಳಿಗಳು ಜೊಂಡಿನೊಳಗೆ ಮಾಯ. ದಿನಾ ಕರೆಂಟ್ ತಂತಿಯ ಮೇಲೆ ಕೂರುತ್ತಿದ್ದ ಪಾಲಪಿಟ್ಟ ನಾಪತ್ತೆ.

ಅಷ್ಟರಲ್ಲಿ ಗೇಟಿನ ಹತ್ತಿರ ಕೂಗು. ಒಬ್ಬಾತ ಪಂಜರ ತಂದಿದ್ದ. ಮುಚ್ಚಿದ್ದ ಬಟ್ಟೆ ಸರಿಸಿದರೆ, ಪಾಲಪಿಟ್ಟ! ಹಾರದಂತೆ ರೆಕ್ಕೆಗೆ ದಾರ ಬಿಗಿದಿದ್ದ. ದುಡ್ಡು ಕೊಟ್ಟು ದರ್ಶನ ಪಡೆಯಲು ನೋಡನೋಡುತ್ತಲೇ ಕ್ಯೂ ಬೆಳೆಯಿತು, ಅದೇ ಬೋರ್ಡಿನ ಕೆಳಗೆ. ಮೊದಲು ನಿಂತವರು ಯಾರು ಹೇಳಿ? ನಮ್ಮ ಸೆಕ್ರೆಟರಿ.

"ಅಮ್ಮಾಜಿ, ಪೆಹಲೇ ಆಪ್ ಆಯಿಯೇ," ಎಂದು ಅತ್ತೆಗೆ ತಮ್ಮ ಜಾಗವನ್ನೂ ಬಿಟ್ಟುಕೊಟ್ಟರು. (ಒಳ್ಳೆಯ ಮನುಷ್ಯ ಕಣ್ರೀ, ಸುಳ್ಳು ಹೇಳಬಾರದು.)

ಅತ್ತೆ ಕೋಲೂರಿಕೊಂಡು ಹೋದರು. ಬಗ್ಗುವಾಗಲೇ ದಾರ ಕಣ್ಣಿಗೆ ಬಿತ್ತು. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು.

"ನೋಡ್ರಿ ಅತ್ತಿ, ಆಪರೇಷನ್ ಐತಿ," ಎಂದೆ ನಾನು.

"ಕಾಲ ಹೋದ್ರ ಹೋಗ್ಲಿ. ಕಟ್ಟಿ ಹಾಕಿದ್ದನ್ನ ನಾ ನೋಡಂಗಿಲ್ಲ. ಮೊದಲ ಬಿಡಸ್ರಿ ಅದನ್ನ!"

ಸೆಕ್ರೆಟರಿ ತಮ್ಮದೇ ಬೋರ್ಡನ್ನು ಒಮ್ಮೆ ನೋಡಿದರು, ಕಿವಿಯೆಲ್ಲ ಕೆಂಪಾಯಿತು. ಅರಣ್ಯ ಇಲಾಖೆಗೆ ಫೋನ್ ಮಾಡಿದವರೂ ಅವರೇ. ಪಂಜರ ತಂದವನು ಅದನ್ನು ಅಲ್ಲೇ ಬಿಟ್ಟು ಪರಾರಿ. ಇಲಾಖೆಯವರು ಬಂದು ದಾರ ಬಿಚ್ಚಿದರು. ಹಕ್ಕಿ ಹಾರಲಿಲ್ಲ. ರೆಕ್ಕೆಯ ಗಾಯ ವಾಸಿಯಾದ ಮೇಲೆ ಇಲ್ಲೇ ತಂದು ಬಿಡುತ್ತೇವೆ ಎಂದು ತೆಗೆದುಕೊಂಡು ಹೋದರು. ಅಲ್ಲಿಯವರೆಗೂ ಅತ್ತೆ ಆ ಕಡೆ ತಿರುಗಲಿಲ್ಲ.

ಲಿಫ್ಟಿನಲ್ಲಿ ನನಗೆ ತಡೆಯಲಾಗಲಿಲ್ಲ. "ಈ ವರ್ಷ ನಿಮಗ ದರ್ಶನಾನ ಆಗಲಿಲ್ಲಲ್ರಿ ಅತ್ತಿ?"

"ನಂದಿರಲಿ ಬಿಡು," ಅಂದರು. "ಹಬ್ಬದ ದಿನ ಅದು ನಮ್ಮೆಲ್ಲಾರ ಮಾರಿ ನೋಡೇತಿ. ಅದರ ವರ್ಷ ಹೆಂಗ ಹೋಗತೈತಿ, ಹೇಳು?"